ಹಿತ್ತಾಳೆ ಗೋಳದ ಒಳಮೈ

ಬಸಣ್ಣ,

ಕಾಗದ ಬರೆಯುವವರು ಕ್ಷೇಮ ಕೇಳಿ ಶುರು ಮಾಡುತ್ತಾರೆ. ನಿಮ್ಮನ್ನು ಏನೆಂದು ಕೇಳಲಿ? ನೀವು ಹೋಗಿ ವರ್ಷ ದಾಟಿತು. ನಾನು ಮಣ್ಣಿಗೆ ಬರಲಿಲ್ಲ. ಉತ್ತರಪತ್ರಿಕೆ ತಿದ್ದುವ ಕೆಲಸವಿತ್ತು ಎಂದು ಕೇಳಿದವರಿಗೆಲ್ಲ ಹೇಳಿದೆ. ಕೆಲಸವಿದ್ದದ್ದು ನಿಜ. ಆದರೆ ಅರ್ಧ ದಿನ ರಜೆ ಕೇಳಿದ್ದರೆ ಯಾರು ಬೇಡ ಎನ್ನುತ್ತಿದ್ದರು? ಬಳ್ಳಾರಿಯಿಂದ ಕುರುಗೋಡು ಎಷ್ಟು ದೂರ? ಇಪ್ಪತ್ತೆಂಟು ವರ್ಷ ನೀವು ಬಸ್ಸಿನಲ್ಲಿ ನಿಂತುಕೊಂಡೇ ದಿನಾ ಬಂದು ಹೋದ ದಾರಿ ಅದು. ನಿಮ್ಮ ಮುಖ ನೋಡುವ ಧೈರ್ಯ ನನಗಿರಲಿಲ್ಲ, ಅಷ್ಟೇ. ಕಣ್ಣು ಮುಚ್ಚಿದ ಮುಖವನ್ನೂ.

ಬಳ್ಳಾರಿಯ ಪಿಯು ಕಾಲೇಜಿಗೆ ನಾನು ಭೌತಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿದ ಮೊದಲ ದಿನ, ನೀವು ಪ್ರಯೋಗಾಲಯದ ಮೇಜನ್ನು ಜೀನ್ಸ್ ಬಟ್ಟೆಯ ಚೂರಿನಿಂದ ಒರೆಸುತ್ತಿದ್ದಿರಿ. ಹೊಲಿಗೆ ಘಟಕದವರು ಎಸೆಯುವ ಚೂರುಗಳನ್ನು ಚೀಲ ತುಂಬಿ ತರುತ್ತೀರಂತೆ, ಧೂಳು ಹಿಡಿಯುವುದರಲ್ಲಿ ಅದನ್ನು ಮೀರಿಸುವ ಅರಿವಿ ಇಲ್ಲವಂತೆ. ನಾನು ಎಂಎಸ್ಸಿ ಮುಗಿಸಿ ಬಂದ ಇಪ್ಪತ್ತಾರರ ಹುಡುಗಿ. ಪುಸ್ತಕ ಬಿಟ್ಟರೆ ಬೇರೇನೂ ಮುಟ್ಟಿದವಳಲ್ಲ. ನೀವು ಗಣಿತದಲ್ಲಿ ನಪಾಸಾಗಿ ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟು, ಪ್ರಯೋಗಾಲಯದ ಅಟೆಂಡರ್ ಆದವರು. ಯಾವ ಉಪಕರಣ ಯಾವ ಕಪಾಟಿನಲ್ಲಿದೆ, ಯಾವುದರ ತಿರುಪು ಸವೆದಿದೆ, ಯಾವುದನ್ನು ಮಧ್ಯಾಹ್ನದ ಮೇಲೆ ಮುಟ್ಟಬಾರದು, ಎಲ್ಲ ನಿಮಗೆ ಗೊತ್ತಿತ್ತು. ಮೊದಲ ವರ್ಷ ನನ್ನ ಮಾನ ಉಳಿಸಿದವರು ನೀವು. ಮಕ್ಕಳ ಎದುರು ನಾನು ತಡವರಿಸಿದಾಗ, ಏನೋ ಎತ್ತಿಡುವವರ ಹಾಗೆ ಬಂದು, ಕೈಗೆ ಬೇಕಾದದ್ದನ್ನು ಕೊಟ್ಟು ಹೋಗಿಬಿಡುತ್ತಿದ್ದಿರಿ.

ಗೋಳವನ್ನು ಮೊದಲ ಸಲ ತೋರಿಸಿದ ದಿನ ನಿಮ್ಮ ಮುಖದಲ್ಲಿದ್ದ ಹೆಮ್ಮೆ ನನಗೆ ನೆನಪಿದೆ. ಕಂಪನಿಯಿಂದ ಬಂದದ್ದು ಒಡೆದುಹೋಗಿತ್ತಂತೆ. ನೀವು ಕೌಲ್ ಬಜಾರಿನಲ್ಲಿ ಪಾತ್ರೆ ಬೆಸೆಯುವವರ ಅಂಗಡಿಯಲ್ಲಿ ಎರಡು ದಿನ ಕೂತು, ಎರಡು ದೊಡ್ಡ ಹಿತ್ತಾಳೆ ಬಟ್ಟಲನ್ನು ಬಾಯಿಗೆ ಬಾಯಿ ಕೂಡಿಸಿ ಹೊಸ ಗೋಳ ಮಾಡಿಸಿದ್ದಿರಿ. ಮೇಲೆ ಮೂರು ಬೆರಳು ಹಿಡಿಸುವಷ್ಟು ಬಾಯಿ, ಕೆಳಗೆ ಗಾಜಿನ ಕಾಲು. ಬೆಸುಗೆಯ ಗೆರೆ ಎಲ್ಲಿದೆ ಹುಡುಕಿ ನೋಡೋಣ ಎಂದು ನನಗೆ ಸವಾಲು ಹಾಕಿದಿರಿ. ನಾನು ಬೆರಳಾಡಿಸಿ ನೋಡಿದೆ, ಸಿಗಲಿಲ್ಲ. ಟೊಳ್ಳು ವಾಹಕದ ಪಾಠಕ್ಕೆ ಅದಕ್ಕಿಂತ ಚೆಂದದ ಉಪಕರಣವನ್ನು ನಾನು ಈವರೆಗೂ ಎಲ್ಲಿಯೂ ಕಂಡಿಲ್ಲ.

ಪ್ರಯೋಗ ಸರಳವಾಗಿತ್ತು. ಗೋಳಕ್ಕೆ ವಿದ್ಯುದಂಶ, ನೀವು ಹೇಳುವ ಚಾರ್ಜು, ಕೊಡುವುದು. ಮೇಣದ ಹಿಡಿಕೆಯ ತುದಿಗೆ ಅಂಟಿಸಿದ ಪುಟ್ಟ ಹಿತ್ತಾಳೆ ಬಿಲ್ಲೆಯನ್ನು ಗೋಳದ ಹೊರಮೈಗೆ ತಾಗಿಸಿ, ಆ ಬಿಲ್ಲೆಯನ್ನು ಎಲೆಗಳ ಸೀಸೆಗೆ ಮುಟ್ಟಿಸುವುದು. ಸೀಸೆಯೊಳಗೆ ಇಳಿಬಿದ್ದ ಎರಡು ತೆಳು ಎಲೆಗಳು ಒಂದರಿಂದೊಂದು ದೂರ ಸರಿಯುತ್ತವೆ. ಹೊರಗೆ ವಿದ್ಯುದಂಶ ಇದೆ ಎಂದರ್ಥ. ಆಮೇಲೆ ಬಿಲ್ಲೆಯನ್ನು ಬಾಯಿಯೊಳಗಿಂದ ಇಳಿಸಿ ಒಳಮೈಗೆ ತಾಗಿಸಿ ತಂದರೆ ಎಲೆಗಳು ಮಿಸುಕುವುದಿಲ್ಲ. ಕೊಟ್ಟದ್ದೆಲ್ಲ ಹೊರಮೈಯಲ್ಲೇ ಹರಡಿಕೊಂಡಿದೆ, ಒಳಗೆ ಏನೂ ಇಲ್ಲ. ನಮ್ಮ ಬಳ್ಳಾರಿಯ ಒಣ ಬಿಸಿಲು ಈ ಆಟಕ್ಕೆ ಹೇಳಿ ಮಾಡಿಸಿದ್ದು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಆ ಮುಖಗಳನ್ನು ಕಂಡು ನನಗೆ ತಲೆ ತಿರುಗಿತು, ಬಸಣ್ಣ. ಪುಸ್ತಕದಲ್ಲಿದ್ದ ಒಂದು ಮಾತನ್ನು ನಾನು ಹಿಗ್ಗಿಸಿದೆ. ಟೊಳ್ಳು ವಾಹಕದ ಒಳಗೆ ಏನೇ ಇಟ್ಟರೂ ಒಳಮೈ ಖಾಲಿಯೇ ಎಂದು ಮೂರು ವರ್ಷ ಪಾಠ ಹೇಳಿದೆ. ಪುಸ್ತಕ ಹಾಗೆ ಹೇಳಿರಲಿಲ್ಲ. ಮುಂದಿನ ಪುಟವನ್ನು ನಾನು ಗಮನವಿಟ್ಟು ಓದಿರಲಿಲ್ಲ.

ನಾಲ್ಕನೆಯ ವರ್ಷದ ವಿಜ್ಞಾನ ಪ್ರದರ್ಶನದ ಹಿಂದಿನ ದಿನ, ಊಟದ ಬಿಡುವಿನಲ್ಲಿ, ನಾನು ನಿಮಗೆ ಹೊಸ ಯೋಜನೆ ಹೇಳಿದೆ. ರೇಷ್ಮೆ ದಾರಕ್ಕೆ ಕಟ್ಟಿದ ಪುಟ್ಟ ಲೋಹದ ಗುಂಡಿಗೆ ವಿದ್ಯುದಂಶ ಕೊಟ್ಟು ಗೋಳದ ನಡುವೆ ತೂಗುಬಿಡುತ್ತೇನೆ, ಎಲ್ಲಿಯೂ ತಾಗಿಸುವುದಿಲ್ಲ, ಆದರೂ ಒಳಮೈ ಖಾಲಿ ಎಂದು ತೋರಿಸುತ್ತೇನೆ ಎಂದೆ. ನೀವು ಊಟದ ಡಬ್ಬಿ ಮುಚ್ಚಿ ಬದಿಗಿಟ್ಟಿರಿ. ಆಮೇಲೆ ಮೆಲ್ಲಗೆ ಹೇಳಿದಿರಿ. “ಮೇಡಂ, ಗುಂಡು ತಾಗಿಸಿ ಬಿಡ್ರಿ. ತಾಗಿಸಿದ್ರ ತನ್ನದೆಲ್ಲಾ ಕೊಟ್ಟು ಬಿಡ್ತೈತಿ, ಒಳಗ ಏನೂ ಉಳಿಯಾಂಗಿಲ್ಲ. ಬರೇ ತೂಗಿದ್ರ ಒಳಗೋಡಿಗೂ ಚಾರ್ಜು ಬರ್ತೈತ್ರಿ. ನಾ ಭಾಳ ಸಲ ನೋಡೀನಿ.”

ನಾನು ಏನು ಹೇಳಿದೆ, ನೆನಪಿದೆಯೇ? ನಿಮಗೆ ಇಲ್ಲದಿರಲಿ ಎಂದು ಆಸೆ. ಪಾಠ ಹೇಳುವುದು ನನ್ನ ಕೆಲಸ, ಒರೆಸಿಡುವುದು ನಿಮ್ಮ ಕೆಲಸ ಎಂದೆ. ನಗುನಗುತ್ತಲೇ ಹೇಳಿದೆ. ನಕ್ಕು ಹೇಳಿದ ಮಾತು ಹೆಚ್ಚು ಚುಚ್ಚುತ್ತದೆ ಎಂದು ಗೊತ್ತಿರಲಿಲ್ಲವೇ ನನಗೆ? ನೀವು “ಆತ್ರಿ” ಎಂದು ಗೋಳ ಒರೆಸಲು ಹೋದಿರಿ.

ಪ್ರದರ್ಶನದ ದಿನ ಮುಂದಿನ ಸಾಲಿನಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರು, ನಮ್ಮ ಪ್ರಾಂಶುಪಾಲರು, ಪಾಲಕರು. ನೀವು ಮೂಲೆಯಲ್ಲಿ, ಖಾಕಿ ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡು ನಿಂತಿದ್ದಿರಿ. ಗುಂಡನ್ನು ತೂಗುಬಿಟ್ಟೆ. ಬಿಲ್ಲೆ ಇಳಿಸಿ ಒಳಮೈಗೆ ತಾಗಿಸಿದೆ. ಎಲೆಗಳು ಮಿಸುಕುವುದಿಲ್ಲ ನೋಡಿ ಎಂದು ಜೋರಾಗಿ ಹೇಳಿ ಬಿಲ್ಲೆಯನ್ನು ಸೀಸೆಗೆ ಮುಟ್ಟಿಸಿದೆ. ಎಲೆಗಳು ಅಗಲವಾಗಿ ತೆರೆದುಕೊಂಡವು. ಮತ್ತೆ ಮಾಡಿದೆ, ಮತ್ತೆ ತೆರೆದವು. ಹಿಂದಿನಿಂದ ಯಾರೋ ನಕ್ಕರು. ಅಧ್ಯಕ್ಷರು ಇದೇನಮ್ಮಾ ಎಂದು ಕೇಳಿದರು. ಆಗ ನಾನು ಹೇಳಿದ್ದನ್ನು ಇಷ್ಟು ವರ್ಷಗಳ ಮೇಲೆ ಬರೆಯುವಾಗಲೂ ಕೈ ಹಿಂದೆ ಸರಿಯುತ್ತಿದೆ.

“ಅಟೆಂಡರ್ ಒರೆಸುವಾಗ ಬೆವರುಗೈ ತಾಗಿಸಿದ್ದಾನೆ ಸರ್. ಎಷ್ಟು ಸಲ ಹೇಳಿದ್ರೂ ಅವನಿಗೆ ತಿಳಿಯೋದಿಲ್ಲ.”

ತಾಗಿಸಿದ್ದಾನೆ ಎಂದೆ. ಅವನಿಗೆ ಎಂದೆ. ನಾಲ್ಕು ವರ್ಷ ನಿಮ್ಮನ್ನು ‘ನೀವು’ ಎಂದೇ ಕರೆದವಳು, ನನ್ನ ಅಪ್ಪನ ವಯಸ್ಸಿನವರನ್ನು ಅಷ್ಟು ಜನರ ಎದುರು ಏಕವಚನದಲ್ಲಿ. ಅದೂ ನಮ್ಮಂಥ ವೈಷ್ಣವರ ಮನೆಯ ಹುಡುಗಿ, ನಿಮ್ಮ ಕೈ ತಾಗಿತು ಎಂದು ಹೇಳುವುದೆಂದರೆ... ಆ ಮಾತಿಗೆ ನಮ್ಮ ಕಡೆ ಮೈಲಿಗೆಯ ಇನ್ನೊಂದು ಅರ್ಥ ಇರುವುದು ನನಗೆ ತಿಳಿಯದ್ದಲ್ಲ. ಬೆವರು ತಾಗಿದರೆ ಗೋಳದ ವಿದ್ಯುದಂಶ ಸೋರಿಹೋಗಿ ಎಲೆಗಳು ಮುಚ್ಚಬೇಕೇ ಹೊರತು ತೆರೆಯಬಾರದು. ಅಷ್ಟು ಯೋಚಿಸಬಲ್ಲವರು ಆ ಕೋಣೆಯಲ್ಲಿ ಒಬ್ಬರೇ ಇದ್ದರು, ಮೂಲೆಯಲ್ಲಿ ನಿಂತಿದ್ದರು. ಪ್ರಾಂಶುಪಾಲರು ನಿಮ್ಮತ್ತ ತಿರುಗಿದಾಗ ನೀವು ಒಮ್ಮೆ ನನ್ನನ್ನು ನೋಡಿದಿರಿ. ಆಮೇಲೆ, “ಹೌದ್ರಿ ಸರ್, ನನ್ನ ಕೈ ತಾಗಿರಬೇಕ್ರಿ” ಎಂದಿರಿ.

ಯಾಕೆ ಹಾಗೆಂದಿರಿ ಬಸಣ್ಣ? ನನ್ನನ್ನು ಉಳಿಸಲೆಂದೇ? ಮೊದಲ ವರ್ಷ ಉಳಿಸಿದ ಹಾಗೆ?

ಇಲ್ಲಿಯವರೆಗಿನದನ್ನು ಗಾಬರಿಯಲ್ಲಿ ಆದದ್ದು ಎಂದು ಯಾರಾದರೂ ಕ್ಷಮಿಸಬಹುದು. ಮುಂದಿನದಕ್ಕೆ ಆ ಹೆಸರಿಲ್ಲ. ಮಾರನೆಯ ದಿನ ಭಾನುವಾರ. ಮನೆಯಲ್ಲಿ ಕೂತು ಪುಸ್ತಕ ತೆರೆದೆ, ನಿಮ್ಮ ಮಾತು ತಪ್ಪೆಂದು ತೋರಿಸಲು ಒಂದು ಸಾಲು ಸಿಗಲಿ ಎಂದು. ಸಿಕ್ಕದ್ದು ನಿಮ್ಮ ಮಾತೇ. ಟೊಳ್ಳಿನೊಳಗೆ ವಿದ್ಯುದಂಶವೊಂದನ್ನು ತಾಗದಂತೆ ಇಟ್ಟರೆ, ಅಷ್ಟೇ ಪ್ರಮಾಣದ ವಿರುದ್ಧ ವಿದ್ಯುದಂಶ ಒಳಮೈಯಲ್ಲಿ ಮೂಡುತ್ತದೆ. ತಾಗಿಸಿದರೆ ಎರಡೂ ಕೂಡಿ ಒಳಗೆಲ್ಲ ಬರಿದಾಗುತ್ತದೆ. ಕೆಳಗೆ ಚಿತ್ರವೂ ಇತ್ತು. ಸೋಮವಾರ ಪ್ರಾಂಶುಪಾಲರು ಕರೆಸಿ, ಅಟೆಂಡರರ ನಿರ್ಲಕ್ಷ್ಯದ ಬಗ್ಗೆ ಎರಡು ಸಾಲು ಬರೆದುಕೊಡಿ, ಅಧ್ಯಕ್ಷರು ಕೇಳಿದ್ದಾರೆ ಎಂದರು. ನನ್ನ ನೌಕರಿ ಕಾಯಂ ಆಗುವ ತಿಂಗಳು ಅದು. ಬರೆದುಕೊಟ್ಟೆ. ಆ ಪುಟ ಓದಿದ ಮೇಲೆ ಬರೆದೆ, ಬಸಣ್ಣ. ಓದುವ ಮೊದಲಲ್ಲ. ನಿಮಗೆ ಹೇಳಬೇಕಾದದ್ದರಲ್ಲಿ ಎಲ್ಲಕ್ಕಿಂತ ಹೊಲಸಾದದ್ದು ಇದು.

ಆ ಎರಡು ಸಾಲಿನಿಂದ ನಿಮ್ಮನ್ನು ಪ್ರಯೋಗಾಲಯ ಬಿಡಿಸಿ ಗೇಟು ಕಾಯಲು ಹಾಕಿದ ಮೇಲೆ ಆರು ವರ್ಷ ನಾನು ದಿನಾ ಬೆಳಿಗ್ಗೆ ನಿಮ್ಮ ಮುಂದಿನಿಂದಲೇ ಒಳಗೆ ಹೋದೆ. ನೀವು ಕುರ್ಚಿಯಿಂದ ಎದ್ದು ನಮಸ್ಕಾರ ಎನ್ನುತ್ತಿದ್ದಿರಿ, ನಾನು ಫೋನು ನೋಡುತ್ತಾ ತಲೆಯಾಡಿಸುತ್ತಿದ್ದೆ. ಒಳಗೆ ಅದೇ ಗೋಳ ಇಟ್ಟುಕೊಂಡು ಎರಡೂ ಬಗೆ ಮಾಡಿ ತೋರಿಸುತ್ತಿದ್ದೆ. ಮೊದಲು ಗುಂಡು ತಾಗಿಸದೆ, ಆಮೇಲೆ ತಾಗಿಸಿ. ಶಿಕ್ಷಕರ ತರಬೇತಿಯೊಂದರಲ್ಲಿ ಅದಕ್ಕೆ ಚಪ್ಪಾಳೆಯೂ ಬಿತ್ತು. ಹೇಗೆ ಹೊಳೆಯಿತು ಎಂದು ಕೇಳಿದರೆ, ತಯಾರಿ ಮಾಡುವಾಗ ಅಕಸ್ಮಾತ್ ಕಂಡುಕೊಂಡೆ ಎನ್ನುತ್ತಿದ್ದೆ. ಮೊದಮೊದಲು ಹಾಗೆ ಹೇಳುವಾಗ ತಟ್ಟನೆ ಬೇರೆ ಮಾತಿಗೆ ಹೊರಳುತ್ತಿದ್ದೆ. ಬರಬರುತ್ತಾ ಅದೂ ನಿಂತಿತು.

ನಿವೃತ್ತಿಯ ದಿನ ನೀವು ಪ್ರಯೋಗಾಲಯಕ್ಕೆ ಬಂದಿರಿ. ಕೊರಳಲ್ಲಿ ಹಾರದ ಗುರುತು, ಕೈಯಲ್ಲಿ ಶಾಲು. ಒಳಗೆ ಬರಲೇ ಎಂದು ಕೇಳಿದಿರಿ, ನಿಮ್ಮದೇ ಕೋಣೆಗೆ. ಕಪಾಟುಗಳನ್ನೆಲ್ಲ ನೋಡಿದಿರಿ. ಏನನ್ನೂ ಮುಟ್ಟಲಿಲ್ಲ. ಆಮೇಲೆ ಕೇಳಿದಿರಿ. “ಒಂದ್ ಮಾತು ಕೇಳ್ತೀನ್ರಿ ಮೇಡಂ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅವತ್ತು ಎಲಿ ತೆರದ್ವಲ್ಲ, ಖರೇವಂದ್ರೂ ನನ್ನ ಕೈ ತಾಗಿತ್ತೇನ್ರಿ? ನನಗ ಈಗೀಗ ಗೊತ್ತಾಗವಲ್ದು.”

ಅವತ್ತು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆರು ವರ್ಷ ಗೇಟಿನಲ್ಲಿ ಕೂತು ಕೂತು ನಿಮ್ಮ ಕಣ್ಣಾರೆ ಕಂಡದ್ದರ ಮೇಲೇ ನಿಮಗೆ ಅನುಮಾನ ಬಂದುಬಿಟ್ಟಿತ್ತು. ಇಲ್ಲ ಬಸಣ್ಣ ಎಂಬ ಎರಡು ಮಾತು ಸಾಕಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ನೌಕರಿಯ ಹೆದರಿಕೆಯೂ ಇರಲಿಲ್ಲ. ಆದರೂ ನಾನು ಹಳೇ ಮಾತು ಬಿಡಿ ಬಸಣ್ಣ, ಆರೋಗ್ಯ ನೋಡಿಕೊಳ್ಳಿ ಎಂದೆ. ನೀವು ಹೂಂ ಎಂದು ಹೋದಿರಿ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಎದೆನೋವು ಬಂದು ತೀರಿಕೊಂಡಿರಿ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದರು. ಆಗ ನಾನು ಚಹಾ ಕುಡಿಯುತ್ತಿದ್ದೆ. ಕುಡಿದು ಮುಗಿಸಿದೆ.

ನಿಮಗೆ ಗೊತ್ತಿಲ್ಲದ ಸುದ್ದಿ ಇನ್ನು ಮುಂದಿನದು. ನಾನೀಗ ಸಿರುಗುಪ್ಪದ ಕಾಲೇಜಿನಲ್ಲಿದ್ದೇನೆ, ಬಳ್ಳಾರಿಯಿಂದ ಬಸ್ಸಿನಲ್ಲಿ ಓಡಾಡುತ್ತೇನೆ. ಅಲ್ಲಿ ಸುತ್ತ ಭತ್ತದ ಗದ್ದೆ, ಕಾಲುವೆಗೆ ನೀರು ಬಿಟ್ಟರೆ ಗಾಳಿಯೆಲ್ಲ ಒದ್ದೆ. ವಿದ್ಯುದಂಶ ನಿಲ್ಲುವುದೇ ಇಲ್ಲ, ಎಲೆಗಳು ತೆರೆದ ಕೂಡಲೇ ಇಳಿಬೀಳುತ್ತವೆ. ಹೋದ ತಿಂಗಳು ಒಂದು ಒಣ ಮಧ್ಯಾಹ್ನ ಸಿಕ್ಕಿತೆಂದು ಮಕ್ಕಳಿಗೆ ಎರಡೂ ಬಗೆ ತೋರಿಸಿದೆ. ಒಬ್ಬ ಹುಡುಗಿ, ಇದನ್ನು ನಿಮಗೆ ಯಾರು ತೋರಿಸಿಕೊಟ್ಟರು ಎಂದು ಕೇಳಿದಳು. ನಾನೇ ಕಂಡುಕೊಂಡೆ ಎಂದೆ. ಬಾಯಿಗೆ ಅಷ್ಟು ರೂಢಿಯಾಗಿತ್ತು. ಅವಳು ಪಕ್ಕದವಳಿಗೆ ಪಿಸುಗುಟ್ಟಿದ್ದು ನನಗೆ ಕೇಳಿಸಿತು, “ಮೇಡಂ ಭಾಳ ಶಾಣ್ಯಾರದಾರ.” ಅವಳ ಕಣ್ಣಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ನಾನು ತರಗತಿಯನ್ನು ಅಲ್ಲಿಗೇ ನಿಲ್ಲಿಸಿ ಹೊರಗೆ ಬಂದೆ. ವರಾಂಡದ ಗೋಡೆ ಹಿಡಿದು ನಿಂತೆ. ಇಷ್ಟು ವರ್ಷ ಬಾರದ ಅಳು ಅವತ್ತು ಬಂತು.

ಮುಂದಿನ ಭಾನುವಾರ ಕುರುಗೋಡಿಗೆ ಹೋದೆ. ನಿಮ್ಮೂರಿನಲ್ಲಿ ದೊಡ್ಡಬಸಪ್ಪ ಎಂದು ನಿಮ್ಮ ಪೂರ್ತಿ ಹೆಸರು ಹೇಳಿ ಮನೆ ಕೇಳಿದರೂ ಅರ್ಧ ಊರೇ ಕೈ ಎತ್ತುತ್ತದೆ. ಕಾಲೇಜಿನಲ್ಲಿದ್ದರಲ್ಲ ಎಂದ ಮೇಲೆ ದಾರಿ ತೋರಿಸಿದರು. ಈರಮ್ಮನವರು ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದರು. ನಿಮ್ಮ ಹೆಂಡತಿಯನ್ನು ನಾನು ಅದೇ ಮೊದಲು ನೋಡಿದ್ದು. ಹೆಸರು ಹೇಳಿದೆ. ಅವರಿಗೆ ನನ್ನ ಹೆಸರು ಗೊತ್ತಿತ್ತು. ನೀವು ನನ್ನ ಬಗ್ಗೆ ಕೆಟ್ಟದ್ದೇನೂ ಹೇಳಿರಲಿಲ್ಲವಂತೆ, ಭಾಳ ಓದಿದ ಹುಡುಗಿ ಎಂದಷ್ಟೇ ಹೇಳುತ್ತಿದ್ದಿರಂತೆ. ಚಾಪೆ ಹಾಸಿ, ನೀರು ಕೊಟ್ಟರು. ನಾನು ಕೂತು ಎಲ್ಲವನ್ನೂ ಹೇಳಿದೆ. ಪುಟ ಓದಿದ ಮೇಲೆ ಬರೆದುಕೊಟ್ಟದ್ದನ್ನೂ.

ಅವರು ಕೂಗಾಡಲಿಲ್ಲ. ಮೊದಲು ನೀವು ಊರಿನವರ ಪಂಪ್‌ಸೆಟ್ಟಿನ ಸ್ಟಾರ್ಟರು, ಮಿಕ್ಸಿ, ಫ್ಯಾನು ಎಲ್ಲ ಬಿಚ್ಚಿ ಸರಿಮಾಡಿ ಕೊಡುತ್ತಿದ್ದಿರಂತೆ. ಗೇಟಿಗೆ ಹೋದ ಮೇಲೆ ಬಿಟ್ಟುಬಿಟ್ಟಿರಂತೆ. ಯಾರಾದರೂ ತಂದರೆ, ನನ್ನ ಕೈ ಸರಿಯಿಲ್ಲ, ಬೇರೆಯವರ ಹತ್ತಿರ ಒಯ್ಯಿರಿ ಎಂದು ಕಳಿಸುತ್ತಿದ್ದಿರಂತೆ. ಕೈಗೆ ಏನಾಗಿದೆ ಎಂದು ಈರಮ್ಮನವರು ಕೇಳಿ ಕೇಳಿ ಸಾಕಾಗಿ ಡಾಕ್ಟರಿಗೂ ತೋರಿಸಿದರಂತೆ. ಇದನ್ನು ಹೇಳಿ ಅವರು ಮೆಣಸಿನಕಾಯಿಯನ್ನು ಮತ್ತೆ ಹರವತೊಡಗಿದರು. ನಾನು ಕ್ಷಮಿಸಿ ಎಂದು ಬಾಯಿ ತೆರೆದೆ. ಮುಗಿಸಲು ಬಿಡಲಿಲ್ಲ.

“ನನ್ನ ಮುಂದ ಹೇಳಿ ಏನ್ ಮಾಡ್ತೀರಿ? ಎಲ್ಲಿ ಅಂದ್ರೋ ಅಲ್ಲೇ ಹೋಗಿ ಹೇಳ್ರಿ. ನಾನೂ ಬರ್ತೀನಿ. ಕೇಳ್ತೀನಿ.”

ಹಳೆಯ ಕಾಲೇಜಿಗೆ ಹೋಗಿ ಹೊಸ ಪ್ರಾಂಶುಪಾಲರನ್ನು ಕಂಡೆ. ಅವರು ಒಳ್ಳೆಯವರು, ಆದರೆ ಇದೆಲ್ಲ ಈಗ ಯಾಕೆ ಎಂದರು. ಆ ಮನುಷ್ಯ ಇಲ್ಲ, ಅಂದಿನ ಅಧ್ಯಕ್ಷರೂ ಇಲ್ಲ, ನಿಮ್ಮ ಹೆಸರೇ ಕೆಡುತ್ತದೆ ಎಂದು ಬುದ್ಧಿ ಹೇಳಿದರು. ಕೆಡಲಿ ಎಂದೆ. ಕಡತ ತರಿಸಿದರು. ನನ್ನ ಎರಡು ಸಾಲು ಅಲ್ಲೇ ಇದ್ದವು, ನನ್ನ ದುಂಡು ಅಕ್ಷರದಲ್ಲಿ, ಕೆಳಗೆ ಸಹಿ. ಕೊನೆಗೆ ಶನಿವಾರ ತರಗತಿ ಮುಗಿದ ಮೇಲೆ ಸಿಬ್ಬಂದಿಯನ್ನು ಪ್ರಯೋಗಾಲಯಕ್ಕೆ ಕರೆಸುತ್ತೇನೆ ಎಂದು ಒಪ್ಪಿದರು.

ಮೊನ್ನೆ ಆ ಶನಿವಾರ. ಈರಮ್ಮನವರು ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದರು. ಮುಂದಿನ ಸ್ಟೂಲಿನ ಮೇಲೆ ಕೂತರು. ಹಳಬರು ನಾಲ್ಕು ಮಂದಿ, ಹೊಸಬರು ಹತ್ತು ಮಂದಿ ಇದ್ದರು. ನಾನು ಮೊದಲು ಆ ಎರಡು ಸಾಲನ್ನು ಗಟ್ಟಿಯಾಗಿ ಓದಿದೆ. ಇದು ಸುಳ್ಳು, ಸುಳ್ಳೆಂದು ಗೊತ್ತಿದ್ದೇ ಬರೆದೆ ಎಂದೆ. ದೊಡ್ಡಬಸಪ್ಪನವರು ಹಿಂದಿನ ದಿನವೇ ಸರಿಯಾದದ್ದನ್ನು ನನಗೆ ಹೇಳಿದ್ದರು, ಅವರ ಮಾತನ್ನೇ ನನ್ನದೆಂದು ಇಷ್ಟು ವರ್ಷ ತೋರಿಸಿದೆ ಎಂದೆ. ಯಾರೂ ನನ್ನ ಮುಖ ನೋಡಲಿಲ್ಲ. ಹಳಬರಲ್ಲಿ ಒಬ್ಬರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ನೀವು ಆವತ್ತು ಇದೇ ಕೋಣೆಯಲ್ಲಿ ಹೀಗೇ ನಿಂತಿರಲ್ಲ, ತಪ್ಪೇ ಮಾಡದೆ.

ಪ್ರಾಂಶುಪಾಲರು ಆ ಹಾಳೆಯ ಮೇಲೆಯೇ ಈ ಆರೋಪ ಸತ್ಯವಲ್ಲ ಎಂದು ಬರೆದು ಸಹಿ ಹಾಕಿದರು. ಅದರ ಒಂದು ಪ್ರತಿಯನ್ನು ಈರಮ್ಮನವರ ಕೈಗೆ ಕೊಟ್ಟರು. ಇನ್ನೊಂದು ಮಾತು: ಸಿರುಗುಪ್ಪದ ಆ ಹುಡುಗಿಗೂ ಅವಳ ತರಗತಿಗೂ ನಾಳೆ ನಿಜ ಹೇಳುತ್ತೇನೆ. ಇನ್ನು ಈ ಪಾಠವನ್ನು ನಿಮ್ಮ ಹೆಸರು ಹೇಳದೆ ಮಾಡುವುದಿಲ್ಲ. ಇದು ನಿಮಗೆ ಕೊಡುತ್ತಿರುವ ಮಾತು. ತಡವಾದ ಮಾತು, ಗೊತ್ತು.

ಎಲ್ಲರೂ ಹೋದ ಮೇಲೆ ಈರಮ್ಮನವರು ಏಳಲಿಲ್ಲ. ಅದೇನು ಅಂತ ನನಗೂ ತೋರಿಸಿರಿ ಎಂದರು. ಗುಂಡಿಗೆ ವಿದ್ಯುದಂಶ ಕೊಟ್ಟು, ದಾರವನ್ನು ಅವರ ಕೈಗೇ ಕೊಟ್ಟೆ. ಎಲ್ಲಿಯೂ ತಾಗದಂತೆ ಗುಂಡನ್ನು ನಿಮ್ಮ ಗೋಳದೊಳಗೆ ಇಳಿಸಿ ತೂಗಿ ಹಿಡಿದರು. ನಾನು ಬಿಲ್ಲೆಯಿಂದ ಒಳಮೈ ಮುಟ್ಟಿ ಸೀಸೆಗೆ ತಂದೆ. ಎಲೆಗಳು ತೆರೆದವು. ಬಿಲ್ಲೆಯನ್ನೂ ಸೀಸೆಯನ್ನೂ ಬೆರಳಿನಿಂದ ಮುಟ್ಟಿ ಖಾಲಿ ಮಾಡಿ, ಗುಂಡು ತಳಕ್ಕೆ ತಾಗಲಿ, ಸ್ವಲ್ಪ ಸಡಿಲ ಬಿಡಿ ಎಂದೆ. ಬಿಟ್ಟರು. ಮತ್ತೆ ಮುಟ್ಟಿ ತಂದೆ. ಎಲೆಗಳು ಮಿಸುಕಲಿಲ್ಲ. ಅವರು ಬಗ್ಗಿ ಸೀಸೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಇಷ್ಟ ಏನ್ರಿ? ಇಷ್ಟಕ್ಕ ಅವರು ಆರು ವರ್ಷ ಗೇಟಿಗೆ ಕುಂತ್ರೇನು?”

ಹೌದ್ರಿ, ಎಂದೆ. ಇಷ್ಟಕ್ಕೇ.

ನಿಮ್ಮ ಮುಂದೆ ತಲೆ ಎತ್ತಲಾಗದ,
ವೈಜಯಂತಿ